ತೆಂಗಿನೆಣ್ಣೆ ಹಚ್ಚಿದ ಟೈರು

ಒಂದು ಜೊತೆ ಟೈರಿಗೆ ನನ್ನ ಕೈಯಿಂದ ಹೋದದ್ದು ಸಾವಿರದ ಎಂಟುನೂರು ರಿಯಾಲು. ಅದು ನನ್ನ ಖರೀದಿಯ ಬೆಲೆ. ಮಾರುವ ಬೆಲೆ ಬರೆದರೆ ಇವತ್ತೂ ಹೊಟ್ಟೆ ಉರಿಯುತ್ತದೆ. ಅವನ್ನು ಕೂರಿಸಿದ ಕೂಲಿ, ಗೋಡೆಗೆ ಹಾಕಿಸಿದ ಆಳೆತ್ತರದ ಫೋಟೋ, ಅದರ ಕಟ್ಟು ಎಲ್ಲ ಬೇರೆ. ದೋಹಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಬೈಕಿನ ಟೈರು, ಬ್ಯಾಟರಿ, ಬ್ರೇಕ್ ಪ್ಯಾಡು ಮಾರುವ ಅಂಗಡಿ ನನ್ನದು. ಯಾರಿಗೂ ವಾಲ್ವಿನ ಮುಚ್ಚಳವನ್ನೂ ಬಿಟ್ಟಿ ಕೊಟ್ಟವನಲ್ಲ ನಾನು. ಅಂಥವನು ಅಷ್ಟು ದುಡ್ಡಿನ ಮಾಲನ್ನು, ಈ ಊರಿನಲ್ಲಿ ನನಗೆ ಯಾರನ್ನು ಕಂಡರೆ ಎಲ್ಲಕ್ಕಿಂತ ಹೆಚ್ಚು ತಾತ್ಸಾರವೋ ಅವರ ಬೈಕಿಗೇ ಪುಕ್ಕಟೆ ಹಾಕಿ ಕಳಿಸಿದೆ. ಏಕೆಂದರೆ ಆ ಬೈಕಿನ ಹಿಂದಿನ ಸೀಟಿನಲ್ಲಿ ಇನ್ನೊಬ್ಬರು ಕೂರುತ್ತಿದ್ದರು.

ಆ ಬೈಕಿನ ಯಜಮಾನರು ಕಳೆದ ತಿಂಗಳು ನೌಕರಿ ಮುಗಿಸಿ, ವೀಸಾ ರದ್ದು ಮಾಡಿಸಿ, ಕಾಯಂ ಆಗಿ ಊರಿಗೆ ಹೋದರು. ಬೀಳ್ಕೊಡುಗೆಗೆ ಒಂದು ಹೋಟೆಲಿನ ಹಾಲ್ ಹಿಡಿದಿದ್ದರು. ಶಾಲು, ಹಾರ, ನೀರುದೋಸೆ, ಕೋಳಿ ಸುಕ್ಕ. ಮೈಕ್ ಸಿಕ್ಕಿದವರೆಲ್ಲ ಅವರಷ್ಟು ಶಿಸ್ತಿನ ಸವಾರ ಇಡೀ ಕತಾರಿನಲ್ಲಿ ಇಲ್ಲ ಎಂದರು. ನಾನು ಚಪ್ಪಾಳೆ ತಟ್ಟಲಿಲ್ಲ. ಕೈ ಎಂಜಲಾಗಿತ್ತು ಎಂಬ ನೆಪವಿತ್ತು. ಆದರೆ ಅಂದು ಅಲ್ಲಿ ಯಾರೂ ಆಡದ ಮಾತು ಕೋಳಿಗಿಂತ ಭಾರವಾಗಿ ಹೊಟ್ಟೆಯಲ್ಲಿ ಕೂತಿದೆ. ಅದನ್ನು ಇಲ್ಲಿ ಇಳಿಸಿಬಿಡುತ್ತೇನೆ.

ಹೆಸರು ಬರೆಯುವುದಿಲ್ಲ. ನಮ್ಮ ಕರಾವಳಿಯವರ ಬೈಕಿನ ಗುಂಪಿನಲ್ಲಿ ಅವರನ್ನು ಕ್ಯಾಪ್ಟನ್ ಎನ್ನುತ್ತಿದ್ದರು. ಆ ಪದವಿಯನ್ನು ಕೊಟ್ಟವರೂ ತೆಗೆದುಕೊಂಡವರೂ ಅವರೇ. ನಾನು ಬಹುವಚನ ಬಳಸುತ್ತಿರುವುದು ವಯಸ್ಸಿಗೆ. ಅದಕ್ಕಿಂತ ಹೆಚ್ಚಿನ ಅರ್ಥ ಹಚ್ಚಬೇಡಿ.

ಮೆಸಯೀದ್‌ನ ಒಂದು ಕಾರ್ಖಾನೆಯ ಸಾರಿಗೆ ವಿಭಾಗದಲ್ಲಿ ಅವರಿಗೆ ಕೆಲಸ. ಕೆಲಸಗಾರರನ್ನು ಕ್ಯಾಂಪಿನಿಂದ ಪ್ಲಾಂಟಿಗೆ ಹೊರುವ ಬಸ್ಸುಗಳು ಅವರ ಸಹಿ ಬಿದ್ದ ಮೇಲೆ ಹೊರಡಬೇಕು. ಬಸ್ಸು ನೋಡಿಕೊಳ್ಳಲು ಬೇರೆ ಕಂಟ್ರಾಕ್ಟರು ಇದ್ದ. ಇವರು ಎಸಿ ಕ್ಯಾಬಿನ್ನಿನಲ್ಲಿ ಕೂತು ಕರಕ್ ಚಹಾ ಕುಡಿದು ಸಹಿ ಹಾಕುತ್ತಿದ್ದರು. ಆದರೆ ಮಾತು ಬಂದಾಗಲೆಲ್ಲ, "ದಿನಾ ನಲ್ವತ್ತು ಬಸ್ ಬಿಡುವವ ನಾನು ಮಾರಾಯ, ನನಗೆ ಟೈರಿನ ಪಾಠ ಮಾಡ್ಬೇಡ" ಎನ್ನುವುದು. ಬಸ್ಸಿನ ಚಕ್ರದ ಹತ್ತಿರ ಅವರು ಒಮ್ಮೆಯಾದರೂ ಬಗ್ಗಿದ್ದನ್ನು ಕಂಡವರು ಯಾರೂ ಇಲ್ಲ. ಬಗ್ಗಿದರೆ ಇಸ್ತ್ರಿ ಕೆಡುತ್ತದೆ.

ಬೇರೆ ದೇಶಗಳಲ್ಲಿ ಹಿಮ ಕರಗಿದ ಮೇಲೆ ಬೈಕು ಹೊರಗೆ ತೆಗೆಯುತ್ತಾರಂತೆ. ನಮ್ಮಲ್ಲಿ ತಿರುಗಾಮುರುಗಾ. ಮೇ ತಿಂಗಳಿಂದ ಹೆಲ್ಮೆಟ್ಟಿನೊಳಗೆ ತಲೆ ಬೇಯುತ್ತದೆ, ಬೈಕುಗಳೆಲ್ಲ ಹೊದಿಕೆ ಹೊದ್ದು ಮಲಗುತ್ತವೆ. ಅಕ್ಟೋಬರಿನಲ್ಲಿ ಬೆಳಗಿನ ಗಾಳಿ ಒಂದಿಷ್ಟು ತಣ್ಣಗಾದಾಗ ಒಬ್ಬೊಬ್ಬರೇ ಹೊದಿಕೆ ಎಳೆಯುತ್ತಾರೆ. ಅದೇ ನಮ್ಮ ವಸಂತ. ನನಗೆ ಕೊಯ್ಲಿನ ಕಾಲ.

ಕ್ಯಾಪ್ಟನ್ ಜುಲೈ, ಆಗಸ್ಟ್ ರಜೆಗೆ ಊರಿಗೆ ಹೋಗುತ್ತಿದ್ದರು. ಅವರ ಬೈಕು ಅಲ್ ಹಿಲಾಲ್‌ನ ಅವರ ಕಟ್ಟಡದ ಹಿಂದೆ ಬಯಲು ಪಾರ್ಕಿಂಗಿನಲ್ಲಿ ನಿಂತಿರುತ್ತಿತ್ತು. ಎರಡು ಕಡೆ ಪೆಟ್ಟಿಗೆ, ಹಿಂದೆ ಒಂದು ಪೆಟ್ಟಿಗೆ, ಹಾಡಿನ ಡಬ್ಬಿ, ಸೋಫಾದಂಥ ಸೀಟು. ಆ ಜಾತಿಯ ದೊಡ್ಡ ಬೈಕು. ಬ್ಯಾಟರಿಯ ತಂತಿ ಬಿಚ್ಚಿಟ್ಟು ಹೋಗಿ ಎಂದು ಪ್ರತಿ ವರ್ಷ ಹೇಳುತ್ತಿದ್ದೆ. ಪ್ರತಿ ವರ್ಷ ಬಿಚ್ಚುತ್ತಿರಲಿಲ್ಲ. ಅಕ್ಟೋಬರಿನಲ್ಲಿ ಫೋನ್ ಬರುತ್ತಿತ್ತು:

"ಏ ಟೈರು, ನೀನು ಕೊಟ್ಟ ಬ್ಯಾಟರಿ ಡೆಡ್. ಎಂತ ಮಾಲು ಮಾರಾಯ ನಿನ್ನದು?"

ಹೌದು, ನನ್ನನ್ನು ಅವರು ಕರೆಯುತ್ತಿದ್ದದ್ದು ಟೈರು ಎಂದು. ನನಗೆ ಅದರಲ್ಲಿ ಬೇಸರವಿಲ್ಲ. ಈ ದೇಶಕ್ಕೆ ಬಂದಾಗ ಲಾರಿ ತೊಳೆಯುತ್ತಿದ್ದೆ. ಆಗ ನನಗೆ ಹೆಸರೇ ಇರಲಿಲ್ಲ. ಎಲ್ಲರೂ ಶಿಳ್ಳೆ ಹಾಕಿ ಕರೆಯುತ್ತಿದ್ದರು.

ಅವರ ಪ್ರಕಾರ ಬೈಕು ಸೀಸನ್ನಿಗೆ ತಯಾರಾಗುವುದು ಎಂದರೆ ಏನು ಎಂದು ಹೇಳಿಬಿಡುತ್ತೇನೆ. ಮೊದಲು ಸ್ಟಿಕ್ಕರು. ಹೋದ ವರ್ಷದ ಹುಲಿಮುಖ ಕಿತ್ತು ಈ ವರ್ಷದ ಗರುಡ. ನಂತರ ದೀಪ: ನೀಲಿ, ಕೆಂಪು, ಚಕ್ರದೊಳಗೆ ತಿರುಗುವ ಹಸಿರು. ಆಮೇಲೆ ಪಾಲಿಶ್. ಮೂರು ಶುಕ್ರವಾರ ಬರೀ ಪಾಲಿಶ್. ಇವುಗಳ ಬೆಲೆ ಅವರು ಕೇಳುತ್ತಲೇ ಇರಲಿಲ್ಲ. ಆದರೆ ಬ್ರೇಕ್ ಎಣ್ಣೆ ಬದಲಿಸೋಣ, ಕಡು ಕಾಪಿಯ ಬಣ್ಣಕ್ಕೆ ಬಂದಿದೆ ಎಂದರೆ, "ಬ್ರೇಕ್ ಹಿಡೀತದಲ್ಲ? ಹಿಡಿಯದಿದ್ದಾಗ ಬರ್ತೇನೆ" ಎನ್ನುತ್ತಿದ್ದರು. ಹಿಡಿಯದಿದ್ದಾಗ ಅವರು ಬರುವುದು ನನ್ನ ಅಂಗಡಿಗೆ ಆಗಿರುವುದಿಲ್ಲ ಎಂದು ಒಮ್ಮೆ ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ, ಅಥವಾ ಆಗದಂತೆ ನಟಿಸಿದರು.

ಸವಾರಿಯ ದಿನ ಹೊಳೆಯುವ ಜಾಕೆಟ್ಟು, ಕೊರಳಿಗೆ ಸೀಟಿ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಅರ್ಧ ಗಂಟೆ ಭಾಷಣ. "ಡಿಸಿಪ್ಲಿನ್ ಇಲ್ಲದವ ಮನೆಯಲ್ಲಿ ಕೂತ್ಕೊಳ್ಳಿ. ನನ್ನ ಹಿಂದೆ ಬರುವವರು ನನ್ನ ಜವಾಬ್ದಾರಿ!" ಹಾಗೆ ಹೇಳುವಾಗ ತಮ್ಮ ಹಿಂದೆ, ತಮ್ಮದೇ ಸೀಟಿನಲ್ಲಿ ಕೂತವರ ಕಡೆ ಅವರ ಕತ್ತು ತಿರುಗುತ್ತಿರಲಿಲ್ಲ.

ಅಲ್ಲಿ ಕೂರುತ್ತಿದ್ದವರು ಅವರ ಹೆಂಡತಿ. ನನಗೆ ಅಕ್ಕ. ರಕ್ತಸಂಬಂಧವಿಲ್ಲ; ಬಂದ ಹೊಸದರಲ್ಲಿ ಒಂದು ದೀಪಾವಳಿಗೆ ಅವರ ಮನೆಯಲ್ಲಿ ಊಟ ಹಾಕಿದ್ದರು, ಅಂದಿನಿಂದ ಅಕ್ಕ. ಒಂದು ಭಾರತೀಯ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಮಾಡುತ್ತಿದ್ದರು. ದಿನವಿಡೀ ಮಕ್ಕಳ ಮೂಗು ಒರೆಸಿ, ಸಂಜೆ ಬಂದು ಗಂಡನ ಇಸ್ತ್ರಿ ಮುಗಿಸಿ, ವಾರಕ್ಕೊಮ್ಮೆ ಆ ಸೀಟು ಹತ್ತುತ್ತಿದ್ದರು. ಹತ್ತಿದ ಕೂಡಲೇ ಅವರ ಮುಖ ಬೇರೆಯಾಗುತ್ತಿತ್ತು. ಊರು ದಾಟಿ ಸಲ್ವಾ ರಸ್ತೆಯ ಬಯಲು ಸಿಕ್ಕಿತೆಂದರೆ ಎರಡೂ ಕೈ ಬಿಟ್ಟು ಅಗಲಿಸಿ ಗಾಳಿ ಹಿಡಿಯುವುದು ಅವರ ರೂಢಿ. "ಕೈ ಒಳಗೆ!" ಎಂದು ಕ್ಯಾಪ್ಟನ್ ಸೀಟಿ ಊದುತ್ತಿದ್ದರು. ನಾವು ಹಿಂದಿನಿಂದ ಹಾರ್ನ್ ಹೊಡೆದು ಅಕ್ಕನನ್ನು ಹುರಿದುಂಬಿಸುತ್ತಿದ್ದೆವು.

"ತಮ್ಮಾ, ವಾರದ ಆರು ದಿನ ನಾನು ಟೀಚರು," ಎಂದಿದ್ದರು ಒಮ್ಮೆ, ದಾರಿಯ ಪೆಟ್ರೋಲ್ ಪಂಪಿನಲ್ಲಿ ಚಹಾ ಹೀರುತ್ತ. "ಈ ಸೀಟಿನಲ್ಲಿ ಮಾತ್ರ ನನ್ನನ್ನು ಯಾರೂ ಎಂತದೂ ಕೇಳುವುದಿಲ್ಲ ನೋಡು."

ನಾನು ಟೈರು ಕೊಟ್ಟ ವರ್ಷ ಗುಂಪು ದೊಡ್ಡ ಸವಾರಿ ಹಾಕಿಕೊಂಡಿತ್ತು. ಗಡಿ ದಾಟಿ ಸೌದಿಯ ಹೊಫೂಫ್‌ಗೆ, ಒಂದು ರಾತ್ರಿ ಅಲ್ಲಿದ್ದು ವಾಪಸ್. ಅಕ್ಕ ಒಂದು ತಿಂಗಳಿಂದ ಅದೇ ಮಾತಾಡುತ್ತಿದ್ದರು. ಅಲ್ಲಿನ ಖರ್ಜೂರದ ತೋಟ ನೋಡಬೇಕು, ಗುಡ್ಡದ ಗುಹೆ ನೋಡಬೇಕು. ಹೊಸ ಹೆಲ್ಮೆಟ್ ತೆಗೆದುಕೊಳ್ಳಲು ನನ್ನ ಹತ್ತಿರ ಬಂದು ಬೆಲೆಯ ಮೇಲೆ ಒಂದು ಗಂಟೆ ಜಗಳವಾಡಿದ್ದರು. ಒಳ್ಳೆಯ ಗಿರಾಕಿ ಎಂದರೆ ಅಂಥವರು.

ಆಯುಧ ಪೂಜೆಯ ದಿನ ಅಲ್ ಹಿಲಾಲ್‌ನ ಆ ಪಾರ್ಕಿಂಗಿನಲ್ಲಿ ನಮ್ಮ ಬೈಕುಗಳು ಸಾಲಾಗಿ ನಿಂತಿದ್ದವು. ಕುಂಕುಮ, ಚೆಂಡುಹೂ, ಚಕ್ರದ ಕೆಳಗೆ ಲಿಂಬೆಹಣ್ಣು. ಕುಂಬಳಕಾಯಿ ಒಡೆಯಲು ಕಟ್ಟಡ ಕಾಯುವ ನಾತೂರ್ ಬಿಡಲಿಲ್ಲ. "ಮಾಫಿ, ಮಾಫಿ!" ಎಂದು ಅರಬ್ಬಿಯಲ್ಲಿ ಇಲ್ಲವೆನ್ನುತ್ತ ಪೊರಕೆ ಹಿಡಿದು ನಿಂತಿದ್ದ. ಎಲ್ಲ ಸರಿಯೇ. ದೇವರಿಗೆ ಕೈ ಮುಗಿಯುವುದರಲ್ಲಿ ನನಗೇನೂ ತಕರಾರಿಲ್ಲ. ನನ್ನ ಗಲ್ಲಾಪೆಟ್ಟಿಗೆಗೂ ಪೂಜೆಯಿದೆ. ಆದರೆ ಕ್ಯಾಪ್ಟನ್ ಒಂದು ಬಟ್ಟೆ ಹಿಡಿದು ಕುಕ್ಕರುಗಾಲಿನಲ್ಲಿ ಕೂತಿದ್ದರು. ಅವರು ಬಗ್ಗಿದ್ದನ್ನು ಮೊದಲ ಸಲ ನೋಡಿದೆ. ಪಕ್ಕದಲ್ಲಿ ಒಂದು ಬಾಟಲಿ. ಹತ್ತಿರ ಹೋದರೆ ಘಮ್ಮೆಂದು ತೆಂಗಿನೆಣ್ಣೆ.

"ಅಣ್ಣಾ, ಎಂತ ಮಾಡ್ತಾ ಇದ್ದೀರಿ?"

"ಟೈರಿಗೆ ಪಾಲಿಶ್. ನೋಡು, ಹೇಗೆ ಕಪ್ಪು ಬಂತು! ಹೊಸತರ ಹಾಗೆ."

ಪಕ್ಕಕ್ಕೆ ಮಾತ್ರ ಹಚ್ಚಿದ್ದರೆ ಸುಮ್ಮನಿರುತ್ತಿದ್ದೆ. ನೆಲಕ್ಕೆ ತಾಗುವ ಮೈಗೂ ತಿಕ್ಕುತ್ತಿದ್ದರು, ಮಗುವಿನ ಬೆನ್ನಿಗೆ ಹಚ್ಚಿದ ಹಾಗೆ. ಊರಲ್ಲಿ ಪೂಜೆಗೆ ಕತ್ತಿ, ಹಾರೆ, ನೇಗಿಲಿಗೆ ಎಣ್ಣೆ ಸವರುತ್ತಾರೆ. ಕಬ್ಬಿಣಕ್ಕೆ ಅದು ಒಳ್ಳೆಯದೇ. ಆ ರೂಢಿಯನ್ನು ಇವರು ವಿಮಾನ ಹತ್ತಿಸಿ ತಂದು ರಬ್ಬರಿಗೆ ಸವರುತ್ತಿದ್ದರು. ಕಾರಿಗಾದರೆ ನಾಲ್ಕು ಚಕ್ರವಿದೆ. ಬೈಕು ನೆಲವನ್ನು ಹಿಡಿದಿರುವುದು ಎರಡು ಅಂಗೈ ಅಗಲದ ರಬ್ಬರಿನಲ್ಲಿ. ಅದಕ್ಕೇ ಎಣ್ಣೆ ಹಚ್ಚಿದರೆ ಉಳಿದದ್ದೇನು?

ನಾನೂ ಬಗ್ಗಿದೆ. ಟೈರಿನ ಪಕ್ಕದಲ್ಲಿ ಹುಟ್ಟಿದ ದಿನಾಂಕ ಇರುತ್ತದೆ. ಎಣ್ಣೆಯ ಹೊಳಪಿನಲ್ಲಿ ಅದು ಚೆನ್ನಾಗಿಯೇ ಕಂಡಿತು. ಆರು ಬೇಸಿಗೆ ಆ ಬಯಲಿನಲ್ಲಿ ಬೆಂದ ರಬ್ಬರು. ಗೀರುಗಳ ಆಳ ಮಾತ್ರ ಹೊಸತರಂತೆ ಇತ್ತು, ಏಕೆಂದರೆ ಬೈಕು ಓಡಿದ್ದು ಕಡಿಮೆ, ನಿಂತದ್ದು ಹೆಚ್ಚು. ಉಗುರು ಒತ್ತಿದರೆ ಕಲ್ಲಿಗೆ ಒತ್ತಿದ ಹಾಗೆ.

"ಅಣ್ಣಾ, ಈ ಟೈರಿನಲ್ಲಿ ಹೊಫೂಫ್ ಬೇಡ. ಬದಲಿಸುವ."

ಅವರು ಬಟ್ಟೆ ಹಿಂಡುತ್ತ ಎಲ್ಲರಿಗೂ ಕೇಳುವ ಹಾಗೆ ನಕ್ಕರು. "ಕೇಳಿದ್ರಾ? ಟೈರು ಮಾರುವವನಿಗೆ ಎಲ್ಲರ ಟೈರೂ ಹಳತೇ!"

ಎಲ್ಲರೂ ನಕ್ಕರು. ಆ ನಗೆಯಲ್ಲಿ ಅರ್ಧ ನ್ಯಾಯ ಇತ್ತು, ಅದೇ ನನ್ನ ಕಷ್ಟ. ಮಾರುವವನು ಸತ್ಯ ಹೇಳಿದರೂ ಅದಕ್ಕೆ ಬೆಲೆಚೀಟಿ ಅಂಟಿರುತ್ತದೆ. ಇಷ್ಟು ವರ್ಷದ ವ್ಯಾಪಾರದಲ್ಲಿ ನನಗೆ ದಕ್ಕದ ಲಾಭ ಅದೊಂದೇ: ನಂಬಿಕೆ.

"ಸರಿ, ಖರೀದಿ ಬೆಲೆಗೆ ಕೊಡ್ತೇನೆ" ಎಂದೆ.

"ಹೌದಾ? ಹಾಗಾದರೆ ಅದು ಮಾರಾಟ ಆಗದ ಮಾಲು."

"ಬಿಟ್ಟಿ ಕೊಡ್ತೇನೆ ಮಾರಾಯ್ರೇ!"

ಅವರು ಎದ್ದು ನಿಂತರು. ಇಸ್ತ್ರಿ ಸರಿಪಡಿಸಿಕೊಂಡರು. "ಬಿಟ್ಟಿಯಾ? ಹಾಗಾದರೆ ಎಕ್ಸ್‌ಪೈರಿ ಆಗಿರ್ಬೇಕು. ನಾನು ದಿನಾ ನಲ್ವತ್ತು ಬಸ್ ಬಿಡುವವ. ಖಲಾಸ್, ಪ್ರಸಾದ ತೆಗೊ."

ನಾನು ಪ್ರಸಾದ ತೆಗೆದುಕೊಂಡೆ. ಅಕ್ಕ ಅವಲಕ್ಕಿಯ ತಟ್ಟೆ ಹಿಡಿದು ಎಲ್ಲ ಕೇಳಿಸಿಕೊಂಡಿದ್ದರು. ಗಂಡ ಆ ಕಡೆ ಫೋಟೋಗೆ ನಿಂತಾಗ ನನ್ನ ಹತ್ತಿರ ಬಂದು ದನಿ ತಗ್ಗಿಸಿದರು.

"ತಮ್ಮಾ, ದೇವರ ಎದುರು ಕೇಳ್ತಾ ಇದ್ದೇನೆ. ನೀನು ಹೇಳಿದ್ದು ನಿಜವಾ, ವ್ಯಾಪಾರವಾ?"

"ಎರಡೂ ಅಕ್ಕ. ಆದರೆ ಈ ಸಲ ನಿಜ ಹೆಚ್ಚು."

"ಬಿದ್ದರೆ?"

"ಅವರ ಕೈಯಲ್ಲಿ ಹ್ಯಾಂಡಲ್ ಉಂಟು. ನಿಮ್ಮ ಕೈಯಲ್ಲಿ ಎಂತದೂ ಇಲ್ಲ."

ನಾನು ಬರುವುದಿಲ್ಲ ಎಂದು ಅಕ್ಕ ಗಂಡನಿಗೆ ಹೇಳಬಹುದಿತ್ತು. ಹೇಳಿದರೆ ಆ ಸೀಟು ಹೋಯಿತು, ಮತ್ತೆ ಕ್ಯಾಪ್ಟನ್ ಹತ್ತಿಸಿಕೊಳ್ಳುವವರಲ್ಲ. ಅದು ಅಕ್ಕನಿಗೂ ಗೊತ್ತು, ನನಗೂ ಗೊತ್ತು.

"ಬೇಡ ಅಂದದ್ದು ಅವರಿಗೆ ಬೇಕಾಗುವ ಹಾಗೆ ಮಾಡ್ಲಿಕ್ಕೆ ಆಗ್ತದಾ ನಿನಗೆ?" ಎಂದರು ಕೊನೆಗೆ.

ಅಕ್ಕಾ, ನನ್ನ ಅನ್ನ ಅದರಲ್ಲೇ ಇರುವುದು ಎಂದೆ.

ಯಾವ ಗಿರಾಕಿಗೂ ಒಂದು ಬೀಗ ಇರುತ್ತದೆ, ಅದಕ್ಕೊಂದು ಕೀಲಿ ಇರುತ್ತದೆ. ಕೆಲವರಿಗೆ ಬೆಲೆ, ಕೆಲವರಿಗೆ ಭಯ. ಕ್ಯಾಪ್ಟನ್ನರಿಗೆ ಇವೆರಡೂ ಹೊಂದುವುದಿಲ್ಲ ಎಂದು ಆಗಲೇ ಗೊತ್ತಾಗಿತ್ತು. ಮರುದಿನ ಗುಂಪಿನ ವಾಟ್ಸಾಪಿಗೆ ಒಂದು ಸಂದೇಶ ಹಾಕಿದೆ: ನನ್ನ ಅಂಗಡಿಯ ಈ ಸೀಸನ್ನಿನ ಮುಖ ಯಾರು? ಆಯ್ಕೆಯಾದವರ ಆಳೆತ್ತರದ ಫೋಟೋ ಗೋಡೆಯ ಮೇಲೆ. ಬೈಕಿಗೆ ಗೌರವಪೂರ್ವಕ ಹೊಸ ಟೈರು. ಕೆಳಗೆ ಇನ್ನೊಂದು ಸಾಲು: ಅಲ್ ಗರಾಫಾದ ಒಬ್ಬ ಯುವ ಸವಾರರ ಹೆಸರು ಬಹುತೇಕ ಖಚಿತ. ಅಂಥ ಸವಾರ ಯಾರೂ ಇರಲಿಲ್ಲ.

ಎರಡು ಗಂಟೆಯೊಳಗೆ ಕ್ಯಾಪ್ಟನ್ ಅಂಗಡಿಯಲ್ಲಿದ್ದರು, ಅಕ್ಕನ ಜೊತೆ.

"ಯಾರವನು ಅಲ್ ಗರಾಫಾದವನು?"

"ಚಿಕ್ಕ ಪ್ರಾಯ ಅಣ್ಣಾ. ಒಳ್ಳೆ ಪರ್ಸನಾಲಿಟಿ."

"ಬಿಡಿ ಮಾರಾಯ್ರೆ," ಎಂದರು ಅಕ್ಕ, ಗೋಡೆ ನೋಡುತ್ತ. "ಈಗಿನ ಕಾಲಕ್ಕೆ ಪ್ರಾಯದವರೇ ಆಗ್ಬೇಕು. ನಿಮಗೆ ಅದೆಲ್ಲ ಎಂತಕ್ಕೆ?"

ನಾನು ಮೂವತ್ತು ವರ್ಷದಿಂದ ಚೌಕಾಸಿ ಮಾಡುತ್ತಿದ್ದೇನೆ. ಅಷ್ಟು ನಾಜೂಕಾಗಿ ಗಾಳ ಎಸೆದದ್ದನ್ನು ಇನ್ನೊಬ್ಬರಲ್ಲಿ ಕಂಡಿಲ್ಲ.

ಕ್ಯಾಪ್ಟನ್ ಮುಖ ಕೆಂಪಾಯಿತು. "ಗುಂಪು ಕಟ್ಟಿದವ ನಾನು. ಮುಖ ಅವನದಾ? ಟೈರು, ಬೈಕು ಹೊರಗೆ ಉಂಟು. ಹಾಕು."

ನಿನ್ನೆ ಬಿಟ್ಟಿ ಎಂದದ್ದಕ್ಕೆ ಅವಧಿ ಮೀರಿದ್ದಾಗಿದ್ದ ಅದೇ ಟೈರು, ಅದೇ ಬೆಲೆಗೆ, ಗೌರವ ಎಂದಾಗ ಸರಿಯಾಯಿತು. ದಿನಾಂಕ ನೋಡಿ ಎಂದು ತೋರಿಸಹೋದೆ. ಅವರು ಫೋಟೋ ಯಾವ ಗೋಡೆಗೆ ಎಂದು ನೋಡುತ್ತಿದ್ದರು. ಕೂರಿಸಿ ಕೊಟ್ಟೆ. ಹೊಸ ಟೈರಿನ ಮೈ ಮೊದಲು ನುಣುಪಾಗಿರುತ್ತದೆ, ನೂರು ಕಿಲೋಮೀಟರ್ ನಿಧಾನ ಓಡಿಸಿ, ಮುಖ್ಯವಾಗಿ ಎಣ್ಣೆ ಮುಟ್ಟಿಸಬೇಡಿ ಎಂದು ಎರಡು ಸಲ ಹೇಳಿದೆ. "ಆಯ್ತು ಮಾರಾಯ, ಆಯ್ತು" ಎಂದರು. ಅಕ್ಕ ಹೋಗುವಾಗ ಹಿಂದಿನ ಸೀಟಿನಿಂದ ನನ್ನತ್ತ ಹೆಬ್ಬೆರಳು ಎತ್ತಿದರು. ಸಾವಿರದ ಎಂಟುನೂರು ಹೋದರೂ ಆ ದಿನ ನನಗೆ ಲಾಭ ಮಾಡಿದ ಹಾಗೆ ಅನಿಸಿತ್ತು.

ನನ್ನ ಲೆಕ್ಕದಲ್ಲಿ ಒಂದು ತಪ್ಪಾಗಿತ್ತು. ಫೋಟೋದ ಆಸೆ ತೋರಿಸಿ ಟೈರು ಹಾಕಿಸಿದೆ. ಆ ಫೋಟೋಗಾಗಿ ಅವರು ಟೈರಿಗೆ ಏನು ಮಾಡಬಹುದು ಎಂದು ಯೋಚಿಸಲಿಲ್ಲ.

ಸವಾರಿಯ ಶುಕ್ರವಾರ ಬೆಳಿಗ್ಗೆ ಎಲ್ಲರೂ ಸಲ್ವಾ ರಸ್ತೆಯ ಒಂದು ಪೆಟ್ರೋಲ್ ಪಂಪಿನಲ್ಲಿ ಸೇರಿದ್ದೆವು. ನಾನು ಬಿಡಿಭಾಗ, ನೀರು, ಪಂಚರಿನ ಸಾಮಾನು ತುಂಬಿದ ಪಿಕಪ್ ತಂದಿದ್ದೆ. ಪೋಸ್ಟರಿನ ಫೋಟೋ ಅಲ್ಲೇ ಆಗಬೇಕು, ಇಡೀ ಗುಂಪು ತಮ್ಮ ಹಿಂದೆ ಇರಬೇಕು ಎಂದು ಕ್ಯಾಪ್ಟನ್ನರ ಆಜ್ಞೆ. ಗುಂಪಿನಲ್ಲಿ ಕ್ಯಾಮೆರಾ ಇದ್ದ ಒಬ್ಬ ಹುಡುಗಾಟದ ಇಂಜಿನಿಯರ್ ಅತ್ತ ಇತ್ತ ಓಡಾಡುತ್ತಿದ್ದ. ಕ್ಯಾಪ್ಟನ್ ಅಕ್ಕನನ್ನು ಕೂರಿಸಿಕೊಂಡು ಪಂಪಿನ ಆ ತುದಿಯಿಂದ ಒಂದು ಅರ್ಧ ಸುತ್ತು ಬಂದು ನಿಲ್ಲುವುದು, ಅವನು ಕ್ಲಿಕ್ ಮಾಡುವುದು.

ಅವರು ಹೊರಟು ಬೆಳಕಿಗೆ ಬಂದಾಗ ನನಗೆ ಚಕ್ರ ಕಂಡಿತು. ಬೆಳಗಿನ ಬಿಸಿಲಿನಲ್ಲಿ ಕನ್ನಡಿಯಂತೆ ಹೊಳೆಯುತ್ತಿತ್ತು.

"ಅಣ್ಣಾ, ನಿಲ್ಲಿ!" ಎಂದು ಕೂಗಿದೆ. ಅದನ್ನು ಅವರು ಅಲ್ಲೇ ನಿಂತು ಪೋಸು ಕೊಡಿ ಎಂದು ತಿಳಿದರೋ ಏನೋ, ಎದೆ ಉಬ್ಬಿಸಿ ಬೈಕು ವಾಲಿಸಿದರು. ಕ್ಯಾಮೆರಾ ಕ್ಲಿಕ್ ಎಂದಿತು. ಕೆಳಗೆ ಬಣ್ಣ ಬಳಿದ ನುಣುಪು ನೆಲ. ಹಿಂದಿನ ಚಕ್ರ ಸದ್ದೇ ಇಲ್ಲದೆ ಪಕ್ಕಕ್ಕೆ ಜಾರಿತು. ನಡೆಯುವಷ್ಟೇ ವೇಗ. ಆದರೂ ಅಷ್ಟು ದೊಡ್ಡ ಬೈಕು ಮಲಗುವಾಗ ಯಾರಿಂದಲೂ ಹಿಡಿಯಲಾಗುವುದಿಲ್ಲ. ಕ್ಯಾಪ್ಟನ್ ಹಾರಿ ಆಚೆ ನಿಂತರು. ಅಕ್ಕ ಕೈಯೂರಿ ಬಿದ್ದರು.

ನಾವು ಓಡಿ ಬೈಕು ಎತ್ತಿದೆವು. ಅಕ್ಕನ ಕಾಲು ಪೆಟ್ಟಿಗೆಯ ಸಂದಿನಲ್ಲಿ ಉಳಿದು ಬಚಾವಾಗಿತ್ತು. ಬಲಗೈ ಮಣಿಕಟ್ಟು ನೋಡನೋಡುತ್ತ ಊದಿತು. ನಾನು ಬಗ್ಗಿ ಹಿಂದಿನ ಚಕ್ರ ಮುಟ್ಟಿದೆ, ಬೆರಳು ಮೂಸಿದೆ. ಅಕ್ಕನಿಗೂ ವಾಸನೆ ಬಂದಿತ್ತು.

"ಅದು ತಲೆಗೆ ಹಾಕ್ಲಿಕ್ಕೆ ಅಂತ ಊರಿನ ಗಾಣದಿಂದ ತಂದ ಎಣ್ಣೆ ಮಾರಾಯ್ರೆ," ಎಂದರು ಗಂಡನಿಗೆ, ಎಡಗೈಯಲ್ಲಿ ಬಲಗೈ ಹಿಡಿದು ನೆಲದ ಮೇಲೆ ಕೂತೇ. "ನೀವು ನಿಮ್ಮ ತಲೆಗಾದರೂ ಹಾಕಿಕೊಂಡಿದ್ದರೆ ಸ್ವಲ್ಪ ತಂಪಾಗ್ತಿತ್ತು."

ಯಾರೋ ನಕ್ಕುಬಿಟ್ಟರು. ಕ್ಯಾಪ್ಟನ್ ಸುತ್ತ ನೋಡಿದರು. ತಪ್ಪಾಯಿತು ಎನ್ನುವುದಕ್ಕೆ ಅಷ್ಟು ಒಳ್ಳೆಯ ಗಳಿಗೆ ಜೀವನದಲ್ಲಿ ಮತ್ತೆ ಸಿಗುವುದಿಲ್ಲ. ಅವರು ಸೀಟಿ ಸರಿಪಡಿಸಿಕೊಂಡು ಹೇಳಿದರು: "ಹಿಂದೆ ಕೂತವಳು ಅಲ್ಲಾಡಿದಳು. ಬ್ಯಾಲೆನ್ಸ್ ಹೋಯಿತು. ಅದಕ್ಕೇ ನಾನು ಹೇಳುವುದು, ಡಿಸಿಪ್ಲಿನ್ ಬೇಕು ಅಂತ."

ಅಲ್ಲಿಗೆ ಮುಗಿಯಲಿಲ್ಲ. ಹೊಫೂಫ್‌ನಲ್ಲಿ ರೂಮು ಬುಕ್ ಆಗಿದೆ, ಗುಂಪನ್ನು ನಡುದಾರಿಯಲ್ಲಿ ಬಿಡಲಾಗುವುದಿಲ್ಲ, ಕ್ಯಾಪ್ಟನ್ ಎಂದಮೇಲೆ ಜವಾಬ್ದಾರಿ ಎಂದು ಹೇಳಿ, ಹೆಂಡತಿಯನ್ನು ನನ್ನ ಪಿಕಪ್ಪಿಗೆ ಹತ್ತಿಸಿ, "ಏ ಟೈರು, ಎಕ್ಸ್‌ರೇ ತೆಗೆಸಿ ಫೋನ್ ಮಾಡು" ಎಂದು ಹೊರಟೇಬಿಟ್ಟರು. ಹೊರಡುವ ಮೊದಲು ನಾನು ಪಾತ್ರೆ ಸಾಬೂನು, ಗುಂಜು, ನೀರು ತೆಗೆದುಕೊಂಡು ಎರಡೂ ಚಕ್ರ ತಿಕ್ಕಿ ತೊಳೆದೆ. ಆ ಮನುಷ್ಯನಿಗಾಗಿ ತೊಳೆಯಲಿಲ್ಲ. ದಾರಿಯಲ್ಲಿ ಅವರ ಹಿಂದೆ ಬರುವ ಬೈಕಿನವರಿಗೂ ಹೆಂಡತಿ ಮಕ್ಕಳಿದ್ದಾರೆ. ಕ್ಯಾಪ್ಟನ್ ಪಕ್ಕದಲ್ಲಿ ನಿಂತು, "ಆ ಸ್ಟಿಕ್ಕರಿಗೆ ನೀರು ತಾಗಿಸ್ಬೇಡ" ಎಂದರು.

ಆಸ್ಪತ್ರೆಯ ದಾರಿಯಲ್ಲಿ ಅಕ್ಕ ಅಳಲಿಲ್ಲ. ಹೊಸ ಹೆಲ್ಮೆಟ್ ತೊಡೆಯ ಮೇಲಿತ್ತು.

"ಖರ್ಜೂರ ತರ್ತಾರಂತೆ," ಎಂದರು. ಆಮೇಲೆ, "ನಾನು ಅಲ್ಲಾಡಿದೆನಾ ತಮ್ಮಾ?"

"ಇಲ್ಲ ಅಕ್ಕ."

"ನಂಗೆ ಗೊತ್ತು. ಇನ್ನೊಬ್ಬರ ಬಾಯಿಂದಲೂ ಕೇಳ್ಬೇಕು ಅಂತ ಇತ್ತು, ಅಷ್ಟೇ."

ಎಲುಬು ಬಿರುಕು ಬಿಟ್ಟಿತ್ತು. ಅದು ಕೂಡಿತು. ಕೂಡದೆ ಉಳಿದದ್ದು ಆ ಸೀಟು. ಕೈ ಸರಿಯಾದ ಮೇಲೆ ಅಕ್ಕ ಹತ್ತಲು ಬಂದರೆ ಕ್ಯಾಪ್ಟನ್, "ನಿನಗೆ ಬ್ಯಾಲೆನ್ಸ್ ಇಲ್ಲ, ರಿಸ್ಕ್ ಬೇಡ" ಎಂದರು. ಸೇಫ್ಟಿ ಎಂಬ ಮಾತನ್ನು ಆ ಮನುಷ್ಯ ಜೀವನದಲ್ಲಿ ಒಂದೇ ಸಲ ಜಾರಿಗೆ ತಂದದ್ದು, ಅದೂ ಹೆಂಡತಿಯ ಮೇಲೆ. ಮುಂದಿನ ಸೀಸನ್ನಿನಿಂದ ಅಕ್ಕನ ಜಾಗದಲ್ಲಿ ಒಂದು ಐಸ್ ಪೆಟ್ಟಿಗೆ ಕಟ್ಟಿದ್ದರು. ಅದು ಅಲ್ಲಾಡುತ್ತಿರಲಿಲ್ಲ.

ಇನ್ನು ಫೋಟೋ. ಬಿದ್ದದ್ದರ ಮರುವಾರವೇ ಕೇಳಿಕೊಂಡು ಬಂದರು, ಗೋಡೆಗೆ ಯಾವಾಗ ಹಾಕುತ್ತೀ ಎಂದು. ಬೀಳುವ ಕ್ಷಣದ ಹಿಂದಿನ ಚಿತ್ರ. ಮುಂದೆ ಅವರು, ಎದೆಯುಬ್ಬಿಸಿ, ದವಡೆ ಬಿಗಿದು. ಹಿಂದೆ ಅಕ್ಕ, ಎರಡೂ ಕೈ ರೆಕ್ಕೆಯಂತೆ ಅಗಲಿಸಿ, ಬಾಯ್ತುಂಬ ನಗುತ್ತ. ಕೆಳಗೆ ಹೊಳೆಯುವ ಟೈರು.

"ಹಿಂದೆ ಅವಳು ಬೇಡ. ಕ್ರಾಪ್ ಮಾಡು" ಎಂದರು.

"ಹಾಕಿದರೆ ಹೀಗೇ. ಇಲ್ಲದಿದ್ದರೆ ಅಲ್ ಗರಾಫಾದವನದು" ಎಂದೆ.

ಅವರೊಂದಿಗೆ ನಾನು ಮಾಡಿದ ಅಷ್ಟೂ ವ್ಯಾಪಾರದಲ್ಲಿ ಒಂದು ಪೈಸೆಯೂ ಇಳಿಯದ ಬೆಲೆ ಅದು. ಒಪ್ಪಿದರು. ಅಂದಿನಿಂದ ಆ ಚಿತ್ರ ನನ್ನ ಕೌಂಟರಿನ ಹಿಂದೆ ಇದೆ. ಹೊಸ ಗಿರಾಕಿಗಳು ಇವರೇ ಮಾಲೀಕರೋ ಎಂದು ಕೇಳುತ್ತಾರೆ. ನನಗೆ ಮೈ ಉರಿಯುತ್ತದೆ. ಆದರೂ ತೆಗೆದಿಲ್ಲ.

ಬೀಳ್ಕೊಡುಗೆಯ ಹಾಲಿನಲ್ಲಿ ಆ ಕತೆ ಬೇರೆ ರೂಪದಲ್ಲಿ ಬಂತು. ಪೆಟ್ರೋಲ್ ಚೆಲ್ಲಿದ ನೆಲದಲ್ಲಿ ಕ್ಯಾಪ್ಟನ್ ಹೇಗೆ ಬೈಕನ್ನು ನಿಭಾಯಿಸಿ ದೊಡ್ಡ ಅನಾಹುತ ತಪ್ಪಿಸಿದರು ಎಂದು ಒಬ್ಬರು ವರ್ಣಿಸಿದರು. ಹಾಗೆ ವರ್ಣಿಸಿದವರು ಆ ದಿನ ಪಂಪಿಗೆ ಬಂದೇ ಇರಲಿಲ್ಲ. ಕ್ಯಾಪ್ಟನ್ ತಲೆ ತಗ್ಗಿಸಿ ವಿನಯದಿಂದ ನಕ್ಕರು. ಆ ನಗೆಯನ್ನು ನಾನು ಮರೆಯುವುದಿಲ್ಲ. ಅವರು ಆ ಕತೆಯನ್ನು ನಂಬಿಬಿಟ್ಟಿದ್ದರು.

ಕೈ ತೊಳೆಯುವಲ್ಲಿ ಅಕ್ಕ ಸಿಕ್ಕರು. ಮಣಿಕಟ್ಟು ತಿರುಗಿಸುತ್ತ, ಚಳಿಗೆ ಇನ್ನೂ ನೋಯುತ್ತದೆ ಎಂದರು. ಆಮೇಲೆ ಆಚೀಚೆ ನೋಡಿ, ಶಾಲೆಯ ಮಕ್ಕಳು ಗುಟ್ಟು ಹೇಳುವ ಹಾಗೆ:

"ನಾನು ಊರಿಗೆ ಹೋಗಿ ಸ್ಕೂಟರ್ ತೆಗೊಳ್ತೇನೆ. ನನ್ನ ದುಡ್ಡಿನಲ್ಲಿ. ಇವರಿಗೆ ಇನ್ನೂ ಹೇಳ್ಲಿಲ್ಲ."

"ಅಕ್ಕಾ! ಓಡಿಸ್ಲಿಕ್ಕೆ ಬರ್ತದಾ?"

"ಕಲಿತೇನೆ. ಎಷ್ಟು ವರ್ಷ ಹಿಂದೆ ಕೂತು ನೋಡಿದ್ದೇನೆ, ಎಂತ ಮಾಡಬಾರದು ಅಂತ ಪೂರಾ ಗೊತ್ತುಂಟು. ಈಗ ನೀನು ಹೇಳು, ಮೊದಲು ಎಂತ ನೋಡ್ಬೇಕು? ಬಿಟ್ಟಿ ಸಲಹೆ ಕೊಡ್ತೀಯಾ, ಚಾರ್ಜ್ ಉಂಟಾ?"

ಬಿಟ್ಟಿಯಾಗಿಯೇ ಹೇಳಿದೆ. ಅದನ್ನೇ ನಿಮಗೂ ಹೇಳುತ್ತೇನೆ, ಓದಿದವರು ಲಾಭ ಮಾಡಿಕೊಳ್ಳಿ.

ಟೈರಿನ ಪಕ್ಕದಲ್ಲಿ ಪುಟ್ಟ ಕೋಳಿಮೊಟ್ಟೆಯಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಅಂಗಡಿಯವನ ಮುಖ ನೋಡುವ ಮೊದಲು ಅದನ್ನು ನೋಡಿ. ನಾನೇ ಮಾರುತ್ತಿದ್ದರೂ ನೋಡಿ. ಗೀರಿನ ಆಳ ನೋಡಿ ಮೋಸಹೋಗಬೇಡಿ. ಓಡದೆ ಬಿಸಿಲಲ್ಲಿ ನಿಂತ ಟೈರು ಓಡಿದ್ದಕ್ಕಿಂತ ಬೇಗ ಸಾಯುತ್ತದೆ. ಉಗುರು ಒತ್ತಿ, ಕಲ್ಲಿನಂತಿದ್ದರೆ ಬಿಡಿ. ಗಾಳಿಯನ್ನು ಬೆಳಿಗ್ಗೆ, ಬೈಕು ಓಡಿಸುವ ಮೊದಲು ನೋಡಿ. ಬೇಸಿಗೆ ರಜೆಗೆ ಹೋಗುವಾಗ ಬ್ಯಾಟರಿ ತಂತಿ ಬಿಚ್ಚಿ, ವಾಪಸು ಬಂದ ಮೇಲೆ ನನ್ನನ್ನು ಬೈಯಬೇಡಿ. ಬ್ರೇಕ್ ಎಣ್ಣೆ ಕಾಪಿಯ ಬಣ್ಣಕ್ಕೆ ಬಂದರೆ ಹಿಡಿಯುತ್ತದಲ್ಲ ಎನ್ನಬೇಡಿ. ಪೂಜೆ ಮಾಡಿ, ಲಿಂಬೆ ಇಡಿ, ಕುಂಕುಮ ಹಚ್ಚಿ. ಎಣ್ಣೆ, ಪಾಲಿಶು ಯಾವುದನ್ನೂ ನೆಲಕ್ಕೆ ತಾಗುವ ರಬ್ಬರಿಗೆ ಮುಟ್ಟಿಸಬೇಡಿ. ಮುಟ್ಟಿಸಿದ್ದರೆ ಸಾಬೂನು ಹಾಕಿ ತಿಕ್ಕಿ ತೊಳೆಯಿರಿ, ಇವತ್ತೇ.

ಆಮೇಲೆ ಟೈರು ಕೊಳ್ಳಲು ಬನ್ನಿ. ಚೌಕಾಸಿ ಮಾಡಿ, ಜಗಳವಾಡಿ, ಬೇರೆ ಅಂಗಡಿಯ ಬೆಲೆ ಹೇಳಿ ಹೆದರಿಸಿ, ನನಗೆ ಅಭ್ಯಾಸವಿದೆ. ಒಬ್ಬರೇ ಮಾತ್ರ ಬರಬೇಡಿ. ನಿಮ್ಮ ಹಿಂದೆ ಕೂರುವವರನ್ನು ಕರೆದುಕೊಂಡು ಬನ್ನಿ. ಅವರಿಗೆ ಆ ನಾಲ್ಕು ಅಂಕಿ ನಾನೇ ತೋರಿಸುತ್ತೇನೆ, ಗೋಡೆಯ ಮೇಲಿನ ಫೋಟೋವನ್ನೂ ತೋರಿಸುತ್ತೇನೆ. ಬೈಕು ತಯಾರಾಗಿದೆಯೋ ಇಲ್ಲವೋ ಎಂಬುದನ್ನು ಅವರು ಹೇಳಲಿ. ನೀವು ಸುಮ್ಮನಿರಿ.